ಒಂದೇ ದಿನ ಮೂರು ರುಜು

ಆಗ ಒಂಟಿಕೊಪ್ಪಲಿನ ಮನೆಗಳ ಕರೆಂಟ್ ಮೀಟರ್ ನೋಡಿ, ಪಕ್ಕದ ಕಾರ್ಡಿನಲ್ಲಿ ಅಂಕಿ ಬರೆದು ರುಜು ಹಾಕುವುದು ನನ್ನ ಕೆಲಸ. ಒಂದು ಬೆಳಿಗ್ಗೆ ರಿಟೈರಾದ ಮೇಷ್ಟ್ರೊಬ್ಬರ ಮನೆಯಿಂದ ಹೊರಟವನಿಗೆ ಅಂಕಿ ತಪ್ಪು ಬರೆದೆನೇನೋ ಅನ್ನಿಸಿ ವಾಪಸ್ ಹೋದೆ. ಮೇಷ್ಟ್ರು ಕಾರ್ಡು ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ನೋಡಪ್ಪ," ಎಂದು ಕೊಟ್ಟರು. ಅದೇ ತಾರೀಖು, ಅದೇ ಅಂಕಿ, ಮೂರು ಸಲ. ಮೂರು ರುಜುವೂ ನನ್ನವೇ. ಮೊದಲನೆಯದು ಬಿಟ್ಟರೆ ಮಿಕ್ಕೆರಡು ಹಾಕಿದ ನೆನಪೇ ನನಗಿರಲಿಲ್ಲ.

"ರಾತ್ರಿ ನಿದ್ದೆ ಬರುತ್ತೇನಪ್ಪ?"

"ಮೀಟರ್ ಸರಿಯಾಗಿದೆ ಸಾರ್."

"ನಾನು ಕೇಳಿದ್ದು ಮೀಟರ್ ವಿಷಯ ಅಲ್ಲ ಕಣಪ್ಪ."

ಅವರು ಜಯಲಕ್ಷ್ಮಿಪುರಂನ ಮನಸ್ಸಿನ ಡಾಕ್ಟರೊಬ್ಬರ ವಿಳಾಸ ಬರೆದುಕೊಟ್ಟರು.

"ನಂಗೇನೂ ಹುಚ್ಚಿಲ್ಲ ಸಾರ್."

"ಹುಚ್ಚು ಹಿಡಿಯೋವರ್ಗೂ ಯಾಕೆ ಕಾಯ್ತೀಯ? ಹೋಗಿ ಕೂತು ಮಾತಾಡು, ಅಷ್ಟೆ."

ಚೀಟಿ ಜೇಬಿನಲ್ಲಿದೆಯೋ ಇಲ್ಲವೋ ಎಂದು ಬೀದಿ ದಾಟುವುದರೊಳಗೆ ನಾಲ್ಕು ಸಲ ಮುಟ್ಟಿ ನೋಡಿಕೊಂಡೆ. ಐದನೇ ಸಲಕ್ಕೆ ಸೈಕಲನ್ನು ಜಯಲಕ್ಷ್ಮಿಪುರಂ ಕಡೆಗೆ ತಿರುಗಿಸಿದೆ.

ಡಾಕ್ಟರು ಬಾಗಿಲು ತೆಗೆದರು. ನನ್ನ ಖಾಕಿ ಅಂಗಿ ನೋಡಿ, "ಮೀಟರ್ ಜಗಲಿಯಲ್ಲಿದೆ," ಎಂದರು. ಮೊದಲು ಮೀಟರ್ ನೋಡಿ, ಅಂಕಿ ಬರೆದು, ರುಜು ಹಾಕಿ, ಆಮೇಲೆ ಒಳಗೆ ಹೋಗಿ ಕೂತೆ.