ವಾಷಿಂಗ್ಟನ್ ಮಂಡಿಯೂರಿದ್ದನೇ?

ನನ್ನ ಗಂಡ ಡೆಲ್ಮರ್ ರಾಟ್ಲಿಫ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಅಪ್ಪಿತಪ್ಪಿ ಹೇಳಹೊರಟರೆ ಕಿವಿ ಎರಡೂ ಕೆಂಪಾಗಿ ಊರಿಗೆಲ್ಲ ಗೊತ್ತಾಗಿಬಿಡುತ್ತದೆ. ಇಂಥ ಆಸಾಮಿ ಅರವತ್ತೆಂಟನೆಯ ವಯಸ್ಸಿನಲ್ಲಿ ಧೈರ್ಯ ಮಾಡಿ ಒಂದು ಸುಳ್ಳು ಹೇಳಿದ. ಗ್ರಹಚಾರ ನೋಡಿ, ಅದು ನಿಜವೇ ಆಗಿತ್ತು! ನಮ್ಮ ಟಕರ್ ಗ್ಯಾಪ್ ಊರು ಎರಡು ಹೋಳಾದದ್ದು ಅದರಿಂದ. ಅಮೆರಿಕದ ಟೆನೆಸಿ ರಾಜ್ಯದ ಈ ಮೂಲೆಯಲ್ಲಿ ಫುಟ್‌ಬಾಲ್ ಬಿಟ್ಟರೆ ಬೇರೆ ಯಾವುದಕ್ಕೂ ಜನ ಅಷ್ಟು ಕೂಗಾಡಿದ್ದನ್ನು ನಾನು ಕಂಡಿರಲಿಲ್ಲ.

ಡೆಲ್ಮರ್‌ನ ಕಸುಬು ಕಾರ್ಪೆಟ್ ಹಾಸುವುದು. ಹದಿನೆಂಟು ತುಂಬುವ ಮೊದಲೇ ಶುರು ಮಾಡಿದ. ಕಾರ್ಪೆಟ್ಟನ್ನು ಗೋಡೆಯ ತನಕ ಎಳೆದು ಬಿಗಿ ಮಾಡಲು ಒಂದು ಸಲಕರಣೆ ಇದೆ. ಮುಂದೆ ಹಲ್ಲು, ಹಿಂದೆ ಮೆತ್ತೆ. ಒಂದು ಮಂಡಿಯೂರಿ ಕೂತು, ಇನ್ನೊಂದು ಮಂಡಿಯಿಂದ ಆ ಮೆತ್ತೆಗೆ ಗುದ್ದಬೇಕು. ಗುದ್ದಿ ಗುದ್ದಿ ಈ ಊರಿನ ಅಷ್ಟೂ ಮನೆಗಳ ನೆಲ ಮುಚ್ಚಿದ. ಬ್ಯಾಪ್ಟಿಸ್ಟ್ ಚರ್ಚಿಗೆ ಕೆಂಪು ಹಾಸಬೇಕೋ ನೀಲಿ ಹಾಸಬೇಕೋ ಎಂದು ಜನ ಕಿತ್ತಾಡಿ ಚರ್ಚು ಒಡೆಯುವ ಹಂತಕ್ಕೆ ಬಂದಾಗಲೂ ಇವನು ಬಾಯಿ ತೆರೆಯಲಿಲ್ಲ. "ಯಾವ ಬಣ್ಣ ಆದ್ರೂ ಅದರ ಅಡಿ ಸ್ಪಂಜು ಒಂದೇ," ಎಂದು ನನ್ನ ಹತ್ತಿರ ಮಾತ್ರ ಹೇಳಿದ.

ಅವನು ಬ್ಯಾಪ್ಟಿಸ್ಟ್, ನಾನು ಮೆಥಡಿಸ್ಟ್. ಅವರು ಮನುಷ್ಯನನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ಎತ್ತಿ ದೀಕ್ಷಾಸ್ನಾನ ಕೊಡುತ್ತಾರೆ. ನಾವು ನೆತ್ತಿಗೆ ನಾಲ್ಕು ಹನಿ ಚಿಮುಕಿಸಿ ಮುಗಿಸುತ್ತೇವೆ. ನಮ್ಮತ್ತೆ ಸಾಯುವ ತನಕ ನನ್ನನ್ನು 'ಒಣ ಸೊಸೆ' ಎಂದೇ ಕರೆದಳು. ದೇವರು ಅವಳಿಗೆ ಒಳ್ಳೆಯದು ಮಾಡಲಿ, ಅವಳ ಬಾಯಿಗಲ್ಲ.

ಇಂಥ ಡೆಲ್ಮರ್ ವರ್ಷಕ್ಕೊಂದು ದಿನ ಜಾರ್ಜ್ ವಾಷಿಂಗ್ಟನ್ ಆಗುತ್ತಿದ್ದ. ಜುಲೈ ನಾಲ್ಕಕ್ಕೆ, ದೇಶದ ಸ್ವಾತಂತ್ರ್ಯ ದಿನಕ್ಕೆ, ನ್ಯಾಯಾಲಯದ ಹುಲ್ಲುಹಾಸಿನಲ್ಲಿ ಅಟ್ಟಣಿಗೆ ಕಟ್ಟುತ್ತಾರೆ. ಯುದ್ಧದ ನಡುವೆ, ವ್ಯಾಲಿ ಫೋರ್ಜ್ ಎಂಬಲ್ಲಿ, ಚಳಿಗಾಲದ ಹಿಮದಲ್ಲಿ, ಸೇನಾಪತಿ ವಾಷಿಂಗ್ಟನ್ ಒಬ್ಬನೇ ಮಂಡಿಯೂರಿ ದೇವರನ್ನು ಬೇಡುವ ದೃಶ್ಯ. ಬ್ಯಾಂಕಿನ ಕ್ಯಾಲೆಂಡರಿನಲ್ಲಿ ಆ ಚಿತ್ರ ನೋಡಿಯೇ ನಾವೆಲ್ಲ ಬೆಳೆದದ್ದು. ಹಿಮಕ್ಕೆ ಆಲೂಗಡ್ಡೆಯ ಒಣ ಪುಡಿ ಚೆಲ್ಲುತ್ತೇವೆ, ಬಿಸಿನೀರು ಹಾಕಿದರೆ ಹಿಸುಕಿದ ಪಲ್ಯ ಆಗುತ್ತದಲ್ಲ, ಅದು. ಮೊದಲು ಸೋಪಿನ ಪುಡಿ ಚೆಲ್ಲುತ್ತಿದ್ದೆವು, ಒಂದು ವರ್ಷ ಕಣ್ಣುರಿದು ಸೇನಾಪತಿ ದೇಶವನ್ನೇ ಬೈದುಬಿಟ್ಟಿದ್ದ.

ಡೆಲ್ಮರ್ ಆರಡಿ ಮೂರಿಂಚು ಎತ್ತರ, ಮೂಗೂ ವಾಷಿಂಗ್ಟನ್‌ನದರ ಹಾಗೇ ಇದೆ. ಆದರೆ ಅವನಿಗೆ ಆ ವೇಷ ಯಾಕೆ ಬೇಕಿತ್ತು ಎಂದು ನಾನು ಹೇಳುತ್ತೇನೆ ಕೇಳಿ. ಜೀವಮಾನವೆಲ್ಲ ಅವನು ಜನರ ಮನೆಗೆ ಹಿಂಬಾಗಿಲಿನಿಂದ ಹೋಗಿ ನೆಲ ನೋಡಿಕೊಂಡು ಬಂದವನು. ಈ ಊರಿನವರಿಗೆ ಅವನ ಮುಖಕ್ಕಿಂತ ನಡುನೆತ್ತಿಯ ಬೋಳು ಚೆನ್ನಾಗಿ ಗೊತ್ತು. ಆ ಒಂದು ದಿನ ಮಾತ್ರ ಅವನು ಮೇಲೆ ನಿಂತಿರುತ್ತಿದ್ದ, ಊರು ಕೆಳಗಿನಿಂದ ಕತ್ತೆತ್ತಿ ನೋಡುತ್ತಿತ್ತು. ಅದಕ್ಕಾಗಿ ಅವನು ವರ್ಷವಿಡೀ ಕಾಯುತ್ತಿದ್ದ.

ಕಳೆದ ಚಳಿಗಾಲದಲ್ಲಿ ಮಂಡಿಗಳು ಕೈಕೊಟ್ಟವು. ಊರಿದರೆ ಮೇಲೇಳಲಾರ. ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ ಲೊಚಗುಟ್ಟಿದರು. ಡೆಲ್ಮರ್ ನನ್ನ ಕೈಲಿ ಬೈಬಲ್ ಮುಟ್ಟಿಸಿ, ಯಾರಿಗೂ ಹೇಳಕೂಡದು ಎಂದು ಆಣೆ ಹಾಕಿಸಿಕೊಂಡ. ಯಾಕೆಂದರೆ ವೆಂಡೆಲ್ ಕ್ರ್ಯಾಬ್‌ಟ್ರೀ ಹೊಂಚು ಹಾಕುತ್ತಿದ್ದ. ಇವನು ಹಳೆ ಕಾರು ಮಾರುವವನು, ನಾಟಕದಲ್ಲಿ ಸೇನಾಪತಿಯ ಕುದುರೆ ಹಿಡಿಯುವ ಪಾತ್ರ. ಡ್ರಮ್ಮಿನಷ್ಟೇ ಎತ್ತರ, ಡ್ರಮ್ಮಿನಷ್ಟೇ ಅಗಲ. ಸೇನಾಪತಿಯ ಬಿಳಿ ಕೂದಲಿನ ಟೋಪನ್ನನ್ನು ಅವನು ನೋಡುತ್ತಿದ್ದ ರೀತಿಗೆ ನನಗೆ ಮೈ ಉರಿಯುತ್ತಿತ್ತು.

ಜೂನ್‌ನಲ್ಲಿ ಅಭ್ಯಾಸ ಶುರುವಾಯಿತು. ನಾಟಕ ನಡೆಸುವವರು ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ, ಬ್ರದರ್ ಕ್ಲೀಟಸ್ ಹಾಬ್‌ಗುಡ್. ಒಳ್ಳೆಯ ಮನುಷ್ಯ, ತೂಕವೂ ಒಳ್ಳೆಯದೇ. ಪ್ರಾರ್ಥನೆಯ ಘಟ್ಟ ಬಂತು. ಡೆಲ್ಮರ್ ನಿಂತೇ ಇದ್ದ.

"ಬ್ರದರ್ ಡೆಲ್ಮರ್, ಮಂಡಿಯೂರಿ," ಎಂದರು ಪಾದ್ರಿ.

ಡೆಲ್ಮರ್ ವೆಂಡೆಲ್‌ನ ಕಡೆ ನೋಡಿದ. ಟೋಪನ್ ಸರಿಮಾಡಿಕೊಂಡ. ಆಮೇಲೆ, "ಇಲ್ಲ ಬ್ರದರ್, ವಾಷಿಂಗ್ಟನ್ ಪ್ರಾರ್ಥನೆಗೆ ಮಂಡಿ ಊರ್ತಾ ಇರ್ಲಿಲ್ಲ. ನಿಂತ್ಕೋತಿದ್ದ. ಎಲ್ಲೋ ಓದಿದೀನಿ," ಎಂದ. ಕಿವಿ ಟೋಪನ್ನಿನೊಳಗೆ ಮುಚ್ಚಿದ್ದರಿಂದ ಬಚಾವಾದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಗಂಡ ಮಂಡಿಯೂರಲಾರದೆ ಚರಿತ್ರೆಯೇ ಡೊಂಕು ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಂದಿನ ಪರದೆಗೆ ಬಣ್ಣ ಬಳಿಯುತ್ತಿದ್ದವರು ಮಿಸ್ ಒಡೆಸ್ಸಾ ಪ್ರೂಯಿಟ್. ಹೈಸ್ಕೂಲಿನಲ್ಲಿ ಪಾದ್ರಿಯೂ ಸೇರಿ ನಮ್ಮ ಊರಿನ ಅರ್ಧ ಜನಕ್ಕೆ ಚರಿತ್ರೆ ಹೇಳಿಕೊಟ್ಟವರು. ಯಾವ ಚರ್ಚಿನ ಪ್ರಾರ್ಥನೆಗೂ ಹೋಗುವುದಿಲ್ಲ, ಎಲ್ಲ ಚರ್ಚಿನ ಊಟಕ್ಕೂ ತಪ್ಪಿಸುವುದಿಲ್ಲ. ಅವರ ಕೈಯಿಂದ ಕುಂಚ ಬಿತ್ತು.

"ನಿಜ ಕಣೋ ಡೆಲ್ಮರ್! ಚರ್ಚಿನಲ್ಲಿ ಅವನು ನಿಂತೇ ಪ್ರಾರ್ಥನೆ ಮಾಡ್ತಿದ್ದದ್ದನ್ನ ಕಂಡವರು ಬರೆದಿಟ್ಟಿದಾರೆ. ಹಿಮದಲ್ಲಿ ಮಂಡಿ ಊರಿದ್ದು ಆಮೇಲೆ ಹುಟ್ಟಿದ ಕಥೆ. ಅಬ್ಬಾ, ಕೊನೆಗೂ ಒಬ್ಬನಾದ್ರೂ ಪುಸ್ತಕ ತೆಗೆದ್ನಲ್ಲಪ್ಪ!"

ಡೆಲ್ಮರ್‌ನ ಮುಖ ನೋಡಬೇಕಿತ್ತು. ಕತ್ತಲಲ್ಲಿ ಕಲ್ಲೆಸೆದವನಿಗೆ ಕಳ್ಳನೇ ಸಿಕ್ಕಿದ ಹಾಗಾಗಿತ್ತು.

ಪಾದ್ರಿಯ ಮುಖ ಗಂಭೀರವಾಯಿತು. "ನಿಂತ್ರೆ ಜನ ಏನ್ ಅಂದ್ಕೋತಾರೆ ಮಿಸ್ ಒಡೆಸ್ಸಾ? ಈ ದೇಶ ಕಟ್ಟಿದವರು ದೇವರಿಗೆ ಬಾಗಲಿಲ್ಲ ಅಂತಲ್ವಾ? ಇದು ಕ್ರೈಸ್ತ ದೇಶ ಆಗ್ಲಿ ಅಂತಲೇ ಅವರು ಕಟ್ಟಿದ್ದು."

"ಹಂಗಂತ ಸಂವಿಧಾನದಲ್ಲಿ ಎಲ್ಲಿದೆ ತೋರ್ಸು. ಯೇಸುವಿನ ಹೆಸರು ಎಲ್ಲಿದೆ?"

"ಕೊನೇಲಿ ಇದ್ಯಲ್ಲ! 'ನಮ್ಮ ಕರ್ತನ ವರ್ಷ' ಅಂತ. ಕರ್ತ ಅಂದ್ರೆ ಯೇಸುವೇ ತಾನೇ?"

"ಅದು ತಾರೀಖು ಕಣೋ ಕ್ಲೀಟಸ್! ಹಾಲಿನ ಡಬ್ಬಿ ಮೇಲೂ ತಾರೀಖಿದೆ. ಹಾಲೇನು ದೀಕ್ಷಾಸ್ನಾನ ತಗೊಂಡಿದ್ಯಾ?"

"ಸ್ವಾತಂತ್ರ್ಯದ ಘೋಷಣೆಯಲ್ಲಿ 'ಸೃಷ್ಟಿಕರ್ತ' ಅಂದಿದಾರೆ."

"ಅಂದಿದಾರೆ. ಅವನು ಯಾವ ಚರ್ಚಿನೋನು ಅಂತ ಅಂದಿದಾರಾ?"

"ಮಿಸ್ ಒಡೆಸ್ಸಾ," ಪಾದ್ರಿಯ ದನಿ ಸಣ್ಣದಾಯಿತು, "ಕಾಲಿಗೆ ಜೋಡಿಲ್ಲದೆ ಆ ಚಳೀಲಿ ಸೈನ್ಯದ ಆ ಹುಡುಗರು ಹೆಂಗೆ ನಿಂತ್ರು ಹೇಳಿ. ದೇವರನ್ನ ನಂಬದೆ ಯಾರ ಕೈಲಾದ್ರೂ ಆಗುತ್ತಾ?"

ಮಿಸ್ ಒಡೆಸ್ಸಾ ಬಗ್ಗಿ ಬಿದ್ದ ಕುಂಚ ಎತ್ತಿಕೊಂಡರು. ಪಾದ್ರಿಯ ಮಾತಿನಲ್ಲೂ ತೂಕವಿತ್ತು. ನನಗೆ ಮಾತ್ರ ತಡೆಯಲಾಗಲಿಲ್ಲ. "ಬ್ರದರ್ ಕ್ಲೀಟಸ್, ನಿಮ್ ಚರ್ಚಲ್ಲಿ ಒಬ್ಬರಾದ್ರೂ ಮಂಡಿ ಊರ್ತೀರಾ? ಎಲ್ಲ ಬೆಂಚಿನ ಮೇಲೆ ಕೂತೇ ತಲೆ ಬಗ್ಗಿಸ್ತೀರಿ. ಮಂಡಿ ಊರೋರು ನಾವು ಮೆಥಡಿಸ್ಟರು. ವಾಷಿಂಗ್ಟನ್‌ನ ಯಾಕೆ ನಮ್ ಕಡೆ ತಳ್ತಿದೀರಿ?" ಎಂದೆ. ಉರಿಯುವ ಬೆಂಕಿಗೆ ತುಪ್ಪ ಸುರಿದದ್ದು ನಾನೇ, ಒಪ್ಪಿದೆ.

ವಾರ ಕಳೆಯುವಷ್ಟರಲ್ಲಿ ಮನೆಮನೆಯ ಅಂಗಳದಲ್ಲಿ ಫಲಕಗಳೆದ್ದವು. ಕೆಲವು 'ಮಂಡಿಯೂರು ಜಾರ್ಜ್' ಎಂದವು, ಕೆಲವು 'ಎದ್ದು ನಿಲ್ಲು ಜಾರ್ಜ್' ಎಂದವು. ಬುಧವಾರದ ಚರ್ಚಿನ ಊಟದಲ್ಲಿ ಮಂಡಿಯವರು ಮಾಡಿ ತಂದ ಆಲೂಗಡ್ಡೆ ಸಲಾಡನ್ನು ನಿಲ್ಲುವವರು ಮುಟ್ಟಲಿಲ್ಲ. ಇವರ ಪೀಚ್ ಹಣ್ಣಿನ ಕಡುಬನ್ನು ಅವರು ಮೂಸಲೂ ಇಲ್ಲ. ಮಿಸ್ ಒಡೆಸ್ಸಾ ಮಾತ್ರ ಎರಡನ್ನೂ ತಟ್ಟೆ ತುಂಬ ಬಡಿಸಿಕೊಂಡರು. ವೆಂಡೆಲ್ ತನ್ನ ಕಾರಿನಂಗಡಿಯ ಮುಂದೆ ಸಂಜೆ ಹೊತ್ತು ಎಲ್ಲರಿಗೂ ಕಾಣುವಂತೆ ಮಂಡಿಯೂರಿ ಎದ್ದು, ಊರಿ ಎದ್ದು ಮಾಡುತ್ತಿದ್ದ. ಅವನಿಗೆ ಎಷ್ಟು ಸಲೀಸೋ! ನೆಲ ಹತ್ತಿರವೇ ಇತ್ತಲ್ಲ.

ನನ್ನ ಗಂಡನ ಪಾಡು ಕೇಳಬೇಡಿ. ಭಾನುವಾರ ಚರ್ಚಿಗೆ ಹೋದರೆ ಜೊತೆಗಾರರು ಸರಿದು ಕೂರುತ್ತಿದ್ದರು. ಅಂಗಡಿಯಲ್ಲಿ ಯಾರೋ ಹುಡುಗರು ಬಂದು "ನಿಮ್ಮ ಧೈರ್ಯ ಮೆಚ್ಚಬೇಕು ಮಿಸ್ಟರ್ ರಾಟ್ಲಿಫ್, ನಾವೂ ದೇವರನ್ನ ನಂಬಲ್ಲ," ಎಂದು ಕೈ ಕುಲುಕಿದರು. ಇವನು ಮನೆಗೆ ಬಂದು ಕಂಬಳಿ ಹೊದ್ದು ಮಲಗಿದ.

"ಜೆಲ್ಮಾ, ನಾನು ದೇವರನ್ನ ನಂಬ್ತೀನಿ ಕಣೆ," ಎಂದ ಕಂಬಳಿಯೊಳಗಿನಿಂದ.

"ಅದು ನನಗೆ ಯಾಕೆ ಹೇಳ್ತೀಯ? ಹೋಗಿ ಅವರಿಗೆ ಹೇಳು. ಮಂಡಿ ಹೋಗಿದೆ ಅನ್ನು, ಮುಗೀತಲ್ಲ."

"ಮಂಡಿ ಹೋಗಿದೆ ಅಂದ್ರೆ ವೆಂಡೆಲ್ ಟೋಪನ್ ಹಾಕ್ಕೋತಾನೆ. ಆಮೇಲೆ ನಾನ್ಯಾರು?"

"ನನ್ನ ಗಂಡ."

"ಅದು ವರ್ಷವಿಡೀ ಇದ್ದಿದ್ದೇ," ಎಂದುಬಿಟ್ಟ ಮಹಾನುಭಾವ. ಅವತ್ತು ರಾತ್ರಿಯ ಊಟಕ್ಕೆ ಅವನಿಗೆ ತಣ್ಣನೆಯ ಹುರುಳಿಕಾಯಿ ಮಾತ್ರ ಸಿಕ್ಕಿತು.

ಕಡೆಗೆ ಪಾದ್ರಿ ಮನೆಗೇ ಬಂದು, ಸಿಹಿ ಚಹಾದ ಲೋಟ ಹಿಡಿದು, ಮೆಲ್ಲಗೆ ಹೇಳಿದರು: "ಬ್ರದರ್ ಡೆಲ್ಮರ್, ನಿಮ್ಮನ್ನ ನೋಯಿಸೋಕೆ ಇಷ್ಟ ಇಲ್ಲ. ನಾಲ್ಕನೇ ತಾರೀಖು ನೀವು ಮಂಡಿ ಊರೋದಾದ್ರೆ ವೇಷ ನಿಮ್ಮದು. ಇಲ್ಲಾಂದ್ರೆ ವೆಂಡೆಲ್ ಮಾಡ್ಲಿ." ಡೆಲ್ಮರ್ ತನ್ನ ಕಾಲುಗಳನ್ನು ನೋಡಿಕೊಂಡ. "ಊರ್ತೀನಿ," ಎಂದ. ಅವರು ಹೋದ ಮೇಲೆ ನಾನು ಎಷ್ಟು ಬೈದರೂ ಅವನು ಮಾತು ಬದಲಿಸಲಿಲ್ಲ.

ಜುಲೈ ನಾಲ್ಕು. ಟಾರು ಕರಗುವ ಬಿಸಿಲು. ಆ ಬಿಸಿಲಲ್ಲಿ ಉಣ್ಣೆಯ ನೀಲಿ ಕೋಟು ತೊಟ್ಟು ನನ್ನ ಗಂಡ ಹಿಮದ ನಡುವೆ ನಿಂತ. ಎಂಥಾ ಚೆನ್ನಾಗಿ ಕಂಡ ಗೊತ್ತೇ! ಊರೆಲ್ಲ ಕತ್ತೆತ್ತಿ ನೋಡಿತು. ಆಮೇಲೆ ಪಾದ್ರಿ ತಲೆಯಾಡಿಸಿದರು, ಅವನು ಕತ್ತಿಯ ಮೇಲೆ ಭಾರ ಬಿಟ್ಟು, ಹಲ್ಲು ಕಚ್ಚಿ, ಎರಡೂ ಮಂಡಿ ಊರಿದ. ಮಂಡಿಯವರು "ಆಮೆನ್!" ಎಂದು ಕೂಗಿದರು. ನಿಲ್ಲುವವರ ಗುಂಪಿನಲ್ಲಿದ್ದ ಮಿಸ್ ಒಡೆಸ್ಸಾ ಮುಖ ತಿರುಗಿಸಿಕೊಂಡರು.

ಪಾದ್ರಿ ಪ್ರಾರ್ಥನೆ ಓದಿದರು. ಮುಗಿಸಿದರು. ಬ್ಯಾಂಡಿನವರು ಬಾರಿಸಲು ಶುರು ಮಾಡಿದರು. ಸೇನಾಪತಿ ಏಳಲಿಲ್ಲ. ಬ್ಯಾಂಡು ನಿಂತಿತು.

"ಪವಿತ್ರಾತ್ಮ ಇಳಿದಿದೆ," ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಅಳತೊಡಗಿದಳು. ಪಾದ್ರಿಯೂ ಕಣ್ಣೊರೆಸಿಕೊಂಡು ಇನ್ನೊಂದು ಪ್ರಾರ್ಥನೆ ತೆಗೆದರು. ಅದೂ ಮುಗಿಯಿತು. ಡೆಲ್ಮರ್‌ನ ಬೆವರು ಸುರಿದು ಹಿಮವೆಲ್ಲ ಪಲ್ಯವಾಗುತ್ತಿತ್ತು. ಯಾರದೋ ನಾಯಿ ಅಟ್ಟಣಿಗೆ ಹತ್ತಿ ವ್ಯಾಲಿ ಫೋರ್ಜ್‌ನ ಚಳಿಗಾಲವನ್ನು ಒಂದು ಕಡೆಯಿಂದ ತಿನ್ನತೊಡಗಿತು. ತಿನ್ನುತ್ತ ತಿನ್ನುತ್ತ ಸೇನಾಪತಿಯ ಬೂಟಿಗೆ ಬಂತು. ಅವನು ಅಲುಗಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಜನ ಅದನ್ನು ಪ್ರಾರ್ಥನೆ ಎಂದುಕೊಂಡರು. ನಲವತ್ತು ವರ್ಷ ಜೊತೆಗೆ ಬಾಳಿದವಳು ನಾನು, ಆ ತುಟಿ ಓದಲು ನನಗೆ ಬರುತ್ತದೆ. ಅವನು 'ಜೆಲ್ಮಾ, ಜೆಲ್ಮಾ' ಎನ್ನುತ್ತಿದ್ದ.

ಆಣೆಯೂ ಹಾಳಾಗಲಿ ಎಂದು ಅಟ್ಟಣಿಗೆ ಹತ್ತಿದೆ.

"ಆತ್ಮವೂ ಇಲ್ಲ, ಗೀತ್ಮವೂ ಇಲ್ಲ! ಅವನಿಗೆ ಏಳೋಕೆ ಆಗ್ತಿಲ್ಲ!" ಎಂದು ಕೂಗಿದೆ. "ಮಂಡಿ ಸವೆದುಹೋಗಿದೆ. ಎಲ್ಲಿ ಸವೀತು ಅಂತ ಗೊತ್ತಾ? ನಿಮ್ ಮನೆಗೆ ಹೋಗಿ ಸೋಫಾ ಸರಿಸಿ ಕಾರ್ಪೆಟ್ ನೋಡಿ! ದೇಶ ಕಟ್ಟಿದವರು ಮಂಡಿ ಊರಿದ್ರೋ ಇಲ್ವೋ ಅಂತ ತಿಂಗಳಿಡೀ ಕಚ್ಚಾಡಿದ್ರಲ್ಲ, ನಿಮ್ ನೆಲ ಮಾಡಿದೋನು ಯಾಕೆ ನಿಂತಿದಾನೆ ಅಂತ ಒಬ್ಬರಾದ್ರೂ ಕೇಳಿದ್ರಾ?" ನನಗೆ ಅಳು ಬಂತು, ಅತ್ತುಬಿಟ್ಟೆ.

ಮೊದಲು ಅಲುಗಿದವರು ಬ್ರದರ್ ಕ್ಲೀಟಸ್. ತಮ್ಮ ಆ ಭಾರೀ ದೇಹವನ್ನು ಹೊತ್ತುಕೊಂಡು ಬಂದು, ಒಳ್ಳೆಯ ಪ್ಯಾಂಟು ಹಾಕಿದ್ದಾರೆ ಎಂಬುದನ್ನೂ ನೋಡದೆ, ಆಲೂಗಡ್ಡೆಯ ಕೆಸರಿನಲ್ಲಿ ಧೊಪ್ಪನೆ ಮಂಡಿಯೂರಿದರು. ಡೆಲ್ಮರ್‌ನ ಕಂಕುಳಿಗೆ ಹೆಗಲು ಕೊಟ್ಟರು. ಆ ಕಡೆಯಿಂದ ಮಿಸ್ ಒಡೆಸ್ಸಾ ಬಂದು, ಅವರ ವಯಸ್ಸಿನಲ್ಲಿ, ಅವರೂ ಊರಿದರು. "ಇಷ್ಟು ದಿನ ಯಾಕೋ ಹೇಳ್ಲಿಲ್ಲ, ದಡ್ಡ?" ಎಂದರು.

"ನಿಮ್ಮೆಲ್ಲರ ಮನೇಲೂ ನಾನು ಕೆಳಗೇ ಇರ್ತಿದ್ದೆ ಮಿಸ್ ಒಡೆಸ್ಸಾ," ಎಂದ ಡೆಲ್ಮರ್. "ಇದೊಂದು ದಿನ ಮೇಲಿರ್ತಿದ್ದೆ. ಅದೂ ಹೋಗುತ್ತಲ್ಲ ಅಂತ."

ಪಾದ್ರಿ ಸೊರ್ ಎಂದು ಮೂಗೆಳೆದುಕೊಂಡರು. ಮೂವರೂ ಒಬ್ಬರನ್ನೊಬ್ಬರು ಹಿಡಿದು ನರಳುತ್ತ, ಜಾರುತ್ತ, ಮತ್ತೆ ಹಿಡಿಯುತ್ತ, ಅಂತೂ ಎದ್ದರು. ಟೋಪನ್ ಎಲ್ಲೋ ಬಿದ್ದು ನಾಯಿಯ ಪಾಲಾಗಿತ್ತು. ಕೆಳಗಿಳಿಸಲು ನಾನು ಕೈ ಚಾಚಿದೆ. ಡೆಲ್ಮರ್ ಬರಲಿಲ್ಲ.

"ಒಂದ್ ನಿಮಿಷ ಇಲ್ಲೇ ನಿಂತಿರ್ತೀನಿ," ಎಂದ. ಪಾದ್ರಿ ಒಂದು ಕಡೆ, ಮಿಸ್ ಒಡೆಸ್ಸಾ ಒಂದು ಕಡೆ, ನಡುವೆ ನನ್ನ ಗಂಡ, ಬೋಳುತಲೆಯಲ್ಲಿ, ನೆಟ್ಟಗೆ. ಊರು ಕತ್ತೆತ್ತಿ ಅವನನ್ನು ನೋಡಿತು. ವಾಷಿಂಗ್ಟನ್‌ನನ್ನಲ್ಲ, ಡೆಲ್ಮರ್‌ನನ್ನು.

ಆ ಹೊತ್ತಿನಲ್ಲೂ ಪಾದ್ರಿಗೆ ಬಾಯಿ ಸುಮ್ಮನಿರಲಿಲ್ಲ. ಡೆಲ್ಮರ್‌ನ ಎದೆಯ ಮೇಲಿಂದ ಬಗ್ಗಿ ಪಿಸುಗುಟ್ಟಿದರು: "ಏನೇ ಹೇಳಿ ಮಿಸ್ ಒಡೆಸ್ಸಾ, ಸೃಷ್ಟಿಕರ್ತ ಅಂತ ಬರೆದಾಗ ಅವರ ಮನಸ್ಸಲ್ಲಿ ಇದ್ದದ್ದು ನಮ್ಮ ಕರ್ತನೇ."

"ಅವರ ಮನಸ್ಸೊಳಗೆ ನೀನು ಯಾವಾಗ ಹೋಗಿದ್ಯೋ, ಕ್ಲೀಟಸ್?"

ಇಬ್ಬರ ದನಿಯೂ ಏರತೊಡಗಿತು, ಕೈಗಳು ಮಾತಿಗೆ ತಕ್ಕಂತೆ ಆಡಲು ಹವಣಿಸಿದವು. ಡೆಲ್ಮರ್‌ನ ಕಾಲು ನಡುಗಿತು. ಅವನು ಎರಡೂ ತೋಳಿನಿಂದ ಇಬ್ಬರನ್ನೂ ಹತ್ತಿರಕ್ಕೆಳೆದುಕೊಂಡ.

"ಎಷ್ಟು ಬೇಕಾದ್ರೂ ಜಗಳ ಆಡಿ," ಎಂದ, "ಕೈ ಮಾತ್ರ ಬಿಡಬೇಡಿ."