ತೆರೊಯ್ ಮೇಸ್ತ್ರಿ ಮತ್ತು ನಾಯಿಯ ಕೊರಳು

ದುಮಗೆಟೆ ಬಂದರಿನ ಹಮಾಲರಿಗೆ ಬಹಳ ವರ್ಷ ಮೇಸ್ತ್ರಿಯಾಗಿದ್ದವನು ತೆರೊಯ್. ಪ್ರಾಯದಲ್ಲಿ ಎರಡು ಅಕ್ಕಿಮೂಟೆಯನ್ನು ಒಟ್ಟಿಗೆ ಹೆಗಲಿಗೇರಿಸಿಕೊಂಡು ಹಲಗೆಯ ಮೇಲೆ ನಡೆದು ಹಡಗು ಹತ್ತುತ್ತಿದ್ದ. ಅವನು ಒಮ್ಮೆ ಗದರಿದರೆ ಕಟ್ಟೆಯ ಆ ತುದಿಯಲ್ಲಿ ಬೀಡಿ ಹಚ್ಚುತ್ತಿದ್ದವನೂ ಎದ್ದು ನಿಲ್ಲುತ್ತಿದ್ದ. ಕೆಲಸ ಬಿಟ್ಟ ದಿನ ಸೆಬು ದ್ವೀಪದ ಹಡಗೊಂದರ ಕಪ್ತಾನ ಅವನಿಗೊಂದು ನಾಯಿಮರಿ ಕೊಟ್ಟ. ಮಾಸ್ಟಿಫ್ ಜಾತಿಯ ತಾಯಿಗೆ ಹುಟ್ಟಿದ್ದು. ಮರಿಯಾಗಿದ್ದಾಗಲೇ ಅದರ ಪಂಜ ಮಕ್ಕಳ ಅಂಗೈಯಷ್ಟಿತ್ತು. ತೆರೊಯ್ ಅದಕ್ಕೆ ಡಾಕೊ ಎಂದು ಹೆಸರಿಟ್ಟ. ಅವರ ಭಾಷೆಯಲ್ಲಿ ದೊಡ್ಡವನು ಎಂದರ್ಥ.

ಮರಿ ಬೆಳೆಯತೊಡಗಿದಾಗ ಹೆಂಡತಿ ಇಸ್ಕಾ ಗಂಡನನ್ನು ಬಲವಂತದಿಂದ ಪೇಟೆಯ ಸಾಕುಪ್ರಾಣಿಗಳ ಅಂಗಡಿಗೆ ಕರೆದುಕೊಂಡು ಹೋದಳು. ಅಲ್ಲಿ ಕೊರಳಪಟ್ಟಿಗಳ ಪಕ್ಕದಲ್ಲಿ ಎದೆಗೆ ಹಾಕುವ ಪಟ್ಟಿಗಳೂ ತೂಗಾಡುತ್ತಿದ್ದವು. ಅಗಲವಾದ ನೀಲಿ ಪಟ್ಟಿಯೊಂದು ಅವಳಿಗೆ ಹಿಡಿಸಿತು. ಇದಾದರೆ ನಾಯಿ ಎಳೆದರೂ ಕೊರಳಿಗೆ ಏನೂ ಆಗುವುದಿಲ್ಲ, ಬೆಳೆದಂತೆ ಸಡಿಲಿಸಬಹುದು ಎಂದು ಅಂಗಡಿಯ ಹುಡುಗಿಯೂ ವಿವರಿಸಿದಳು. ತೆರೊಯ್ ಅಂಗಡಿಯೆಲ್ಲ ಕೇಳುವ ಹಾಗೆ ನಕ್ಕ.

"ಇದೇನು ಕೂಸಿಗೆ ಹಾಕೋ ಲಂಗೋಟಿನಾ? ನನ್ ನಾಯಿ ಇದನ್ನ ಹಾಕ್ಕೊಂಡು ಬೀದೀಲಿ ಹೋದ್ರೆ ಬೆಕ್ಕುಗಳು ಸಾಲಾಗಿ ನಿಂತು ನೋಡ್ತವೆ."

ಹುಡುಗಿ ಮುಖ ಸಣ್ಣದು ಮಾಡಿಕೊಂಡಳು. ತೆರೊಯ್ ಅಲ್ಲಿಂದ ಸೀದಾ ಬಂದರಿನ ಹತ್ತಿರದ ಹಡಗು ಸಾಮಾನಿನ ಅಂಗಡಿಗೆ ಹೋಗಿ ಸಣ್ಣ ದೋಣಿ ಕಟ್ಟುವ ಸರಪಳಿ ತಂದ. ಅದನ್ನು ಮರಿಯ ಕೊರಳಿಗೆ ಸುತ್ತಿ ಬೀಗ ಹಾಕಿದ. ಆಗ ನಡುವೆ ಕೈ ತೂರಿಸುವಷ್ಟು ಸಡಿಲವಿತ್ತು. ಬೀಗದ ಕೈಯನ್ನು ಮೊಳೆ ತುಂಬಿದ ಡಬ್ಬಿಗೆ ಎಸೆದ.

ಮೊದಮೊದಲು ಸಂಜೆಯಾದರೆ ಸಾಕು, ಅವನು ನಾಯಿಯ ಜೊತೆ ಕಡಲ ದಂಡೆಯ ಅಗಲ ರಸ್ತೆ ಬುಲೆವಾರ್ಡಿಗೆ ಹೊರಡುತ್ತಿದ್ದ. ಹಳೆಯ ಸಂಗಾತಿಗಳು ಇಸ್ಪೀಟು ಆಡುತ್ತ ಕೂತಿರುತ್ತಿದ್ದರು. ಅವರ ಮುಂದೆ ಎದೆ ಸೆಟೆಸಿ ಹೋಗುವುದು ಅವನಿಗೆ ಇಷ್ಟ. ಆದರೆ ನಾಯಿ ಬೆಳೆದು ಕರುವಿನಷ್ಟಾಯಿತು, ತೆರೊಯ್‌ಗೆ ಹರ್ನಿಯಾ ಶುರುವಾಯಿತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ. ಒಂದು ಸಂಜೆ ತಿಂಡಿ ಗಾಡಿಯ ಕೆಳಗಿಂದ ಬೆಕ್ಕೊಂದು ಹಾರಿತು, ಡಾಕೊ ನುಗ್ಗಿತು. ಸರಪಳಿಯನ್ನು ಮುಂಗೈಗೆ ಸುತ್ತಿಕೊಂಡಿದ್ದ ತೆರೊಯ್ ಅಂಗಾತ ಬಿದ್ದು, ಹೊರಳಿ, ಇಸ್ಪೀಟು ಆಡುವವರ ಕಾಲಬುಡದವರೆಗೂ ಎಳೆಸಿಕೊಂಡು ಹೋದ.

"ಮೇಸ್ತ್ರಿ, ಯಾರು ಯಾರನ್ನ ವಾಕಿಂಗ್ ಕರ್ಕೊಂಡು ಬಂದಿರೋದು?" ಎಂದ ಅವರಲ್ಲೊಬ್ಬ.

ಎಲ್ಲರ ಜೊತೆ ತೆರೊಯ್ ಕೂಡ ನಕ್ಕ. ಮಾರನೆಯ ದಿನವೇ ಡಾಕೊನನ್ನು ಹಿತ್ತಲ ಹುಣಸೆ ಮರಕ್ಕೆ ಕಟ್ಟಿಹಾಕಿದ. ಕೇಳಿದವರಿಗೆಲ್ಲ ಒಂದೇ ಉತ್ತರ: ಅದು ಕಾವಲು ನಾಯಿ, ಕಾವಲು ನಾಯಿ ಊರು ಸುತ್ತಬಾರದು.

ಹಾಗೆ ಮಳೆಗಾಲ ಕಳೆದು ಬೇಸಿಗೆ ಬಂತು. ನಾಯಿ ಮರದ ಸುತ್ತ ನಡೆದು ನಡೆದು ಅಲ್ಲಿನ ಹುಲ್ಲೆಲ್ಲ ಸವೆದು ನೆಲ ಬೋಳಾಯಿತು. ಅದಕ್ಕೆ ಅನ್ನ ಹಾಕುತ್ತಿದ್ದವಳು ಇಸ್ಕಾ. ಬೆಳಗಿನ ಜಾವ ಎದ್ದು ಸಾವೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿ ಬಾಳೆಲೆಯಲ್ಲಿ ಸುತ್ತಿ ಬುಡ್‌ಬುಡ್ ಮಾಡುತ್ತಿದ್ದಳು. ಅದನ್ನು ಸಂತೆಕಟ್ಟೆಯಲ್ಲಿ ಮಾರಿ ಬಂದ ಮೇಲೆ ನಾಯಿಯ ಕೆಲಸ. ಅದರ ಹತ್ತಿರ ಏನೋ ನಾರುತ್ತಿದೆ, ಕೊರಳು ಮುಟ್ಟಲು ಹೋದರೆ ಹಿಂದೆ ಸರಿಯುತ್ತದೆ, ಆ ಬೀಗ ತೆಗೆದು ಒಮ್ಮೆ ನೋಡು ಎಂದು ಅವಳು ಗಂಡನಿಗೆ ಹೇಳಿದಳು. ನಾಯಿ ನಾಯಿಯ ಹಾಗೆ ನಾರದೆ ಮಲ್ಲಿಗೆಯ ಹಾಗೆ ನಾರುತ್ತದೆಯೇ ಎಂದ ಅವನು. ಮತ್ತೆ ಹೇಳಿದಾಗ ನೋಡುತ್ತೇನೆ ಎಂದ. ನೋಡಲಿಲ್ಲ. ನಿಜ ಹೇಳಬೇಕೆಂದರೆ ಅವನು ಆ ಮರದ ಹತ್ತಿರ ಹೋಗುವುದನ್ನೇ ಬಿಟ್ಟಿದ್ದ. ನಾಯಿಯನ್ನು ಕಂಡರೆ ಆ ಸಂಜೆಯ ನಗು ಕಿವಿಯಲ್ಲಿ ಕೇಳುತ್ತಿತ್ತು.

ಏಪ್ರಿಲ್ ತಿಂಗಳಲ್ಲಿ ಬಡಾವಣೆಯ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ನಾಯಿಗಳಿಗೆ ಹುಚ್ಚು ತಡೆಯುವ ಚುಚ್ಚುಮದ್ದು ಹಾಕುವವರು ಬಂದರು. ಊರಿಗೆ ಊರೇ ಅಲ್ಲಿ ನೆರೆದಿತ್ತು. ತೆರೊಯ್ ಮತ್ತು ಇಸ್ಕಾ ಇಬ್ಬರೂ ಹಿಡಿದುಕೊಂಡು ಡಾಕೊನನ್ನು ಕರೆತಂದರು. ಅದು ಈಗ ಎಳೆಯುತ್ತಿರಲಿಲ್ಲ. ತಲೆ ತಗ್ಗಿಸಿ ಮೆಲ್ಲನೆ ನಡೆಯುತ್ತಿತ್ತು. ಎಷ್ಟು ಸಾಧುವಾಗಿದೆ ನೋಡಿ ಎಂದು ತೆರೊಯ್ ಅಕ್ಕಪಕ್ಕದವರಿಗೆ ಹೇಳಿಕೊಂಡ.

ಪಶುವೈದ್ಯೆ ಲುಮಾಪಾಸ್ ಚಿಕ್ಕ ವಯಸ್ಸಿನ ಹೆಂಗಸು. ಚುಚ್ಚುವ ಮುಂಚೆ ನಾಯಿಯ ಹೆಗಲ ಚರ್ಮ ಹಿಡಿಯಲು ಹೋದಳು. ಅಷ್ಟು ದೊಡ್ಡ ಪ್ರಾಣಿ ಮರಿಯ ಹಾಗೆ ಕಿರುಚಿ ನೆಲಕ್ಕೆ ಅಂಟಿಕೊಂಡಿತು. ಅವಳು ಸಿರಿಂಜು ಪಕ್ಕಕ್ಕಿಟ್ಟು ಮಂಡಿಯೂರಿ, ಕೊರಳ ಮಡಿಕೆಯ ಕೂದಲನ್ನು ಬೆರಳಿಂದ ಬಿಡಿಸಿದಳು. ಬಿಡಿಸಿದವಳು ಹಾಗೇ ಕೂತುಬಿಟ್ಟಳು. ಕೊರಳ ಸುತ್ತಿನ ಸರಪಳಿ ಕಾಣುತ್ತಿರಲಿಲ್ಲ. ಅದು ಮಾಂಸದೊಳಗೆ ಇಳಿದು, ಮೇಲೆ ಚರ್ಮ ಬೆಳೆಯತೊಡಗಿತ್ತು. ಕೊರಳ ಕೆಳಗೆ ತುಕ್ಕು ಹಿಡಿದ ಬೀಗ ಮತ್ತು ಕಟ್ಟಲು ಬಿಟ್ಟಿದ್ದ ಸರಪಳಿಯ ತುದಿ ಮಾತ್ರ ಹೊರಗೆ ಜೋಲುತ್ತಿದ್ದವು. ಜನ ಬಗ್ಗಿ ನೋಡಿದರು. ಯಾರೋ ಮೂಗು ಮುಚ್ಚಿಕೊಂಡು ಹಿಂದೆ ಸರಿದರು.

"ಇದನ್ನ ಯಾರು ಹಾಕಿದ್ದು?" ಎಂದು ವೈದ್ಯೆ ಕೇಳಿದಳು. ಗದರಲಿಲ್ಲ, ಸುಮ್ಮನೆ ಕೇಳಿದಳು.

ತೆರೊಯ್‌ಗೆ ಸುತ್ತಲಿನ ಮುಖಗಳು ಕಂಡವು. ಇಸ್ಪೀಟಿನ ಸಂಗಾತಿಗಳಿದ್ದರು. ಅವನ ಕೈಕೆಳಗೆ ದುಡಿದವರಿದ್ದರು.

"ನಾಯಿನ ನೋಡ್ಕೊಳೋದೆಲ್ಲ ನನ್ ಹೆಂಡ್ತಿ" ಎಂದ.

ಕಣ್ಣುಗಳೆಲ್ಲ ಇಸ್ಕಾಳ ಕಡೆ ತಿರುಗಿದವು. ಅವಳು ಗಂಡನನ್ನು ಒಮ್ಮೆ ನೋಡಿದಳು. ಅಲ್ಲ ಎನ್ನಲಿಲ್ಲ. ನಾಯಿಯ ಪಕ್ಕ ಕೂತು ಅದರ ಬೆನ್ನಿನ ಮೇಲೆ ಕೈಯಿಟ್ಟಳು.

ಅವತ್ತೇ ದವಾಖಾನೆಯಲ್ಲಿ ಡಾಕೊಗೆ ಮತ್ತು ಬರಿಸಿ ಸರಪಳಿ ಕತ್ತರಿಸಿದರು. ಬಂದರಿನಿಂದ ಕಬ್ಬಿಣ ಕತ್ತರಿಸುವ ದೊಡ್ಡ ಇಕ್ಕಳ ತಂದುಕೊಟ್ಟವನು ತೆರೊಯ್‌ನೇ. ಕೊಂಡಿಗಳನ್ನು ಒಂದೊಂದಾಗಿ ಮಾಂಸದಿಂದ ಬಿಡಿಸಿ ತಟ್ಟೆಗೆ ಹಾಕುವ ಸದ್ದನ್ನು ಅವನು ಹೊರಗಿನ ಬೆಂಚಿನ ಮೇಲೆ ಕೂತು ಕೇಳಿದ. ಅಲ್ಲಿ ಅವನಿಗೆ ಒಂದು ಹಸು ನೆನಪಾಯಿತು. ಹಿಂದೆ ದನಗಳನ್ನು ಹಡಗಿಗೆ ಏರಿಸುವಾಗ ಎದೆ ಹೊಟ್ಟೆಯಡಿ ಅಗಲವಾದ ಗೋಣಿಬಟ್ಟೆ ಹಾಕಿ ಕ್ರೇನಿನಿಂದ ಎತ್ತುವುದು ಕ್ರಮ. ಒಬ್ಬ ಹಮಾಲಿ ಸೋಮಾರಿತನಕ್ಕೆ ಕೊರಳಿಗೇ ಹಗ್ಗ ಬಿಗಿದು ಎತ್ತಿಸಿದ್ದ. ಹಸು ಅರ್ಧ ದಾರಿಯಲ್ಲೇ ಸತ್ತಿತ್ತು. ಭಾರ ಹೊರುವುದು ಎದೆ ಕಣೋ, ಕೊರಳಲ್ಲ ಎಂದು ತೆರೊಯ್ ಎಲ್ಲರೆದುರು ಆ ಹಮಾಲಿಯ ಕಪಾಳಕ್ಕೆ ಹೊಡೆದು ಕೆಲಸದಿಂದ ಓಡಿಸಿದ್ದ. ತನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ಇಲ್ಲ ಎಂಬುದು ಆ ಬೆಂಚಿನ ಮೇಲೆ ಅವನಿಗೆ ಸ್ಪಷ್ಟವಾಯಿತು.

ಮನೆಗೆ ಬಂದ ಡಾಕೊ ಕೊರಳಿಗೆ ಬ್ಯಾಂಡೇಜು ಸುತ್ತಿಕೊಂಡು ಹಿತ್ತಲಲ್ಲಿ ಬಿಡುಗಡೆಯಾಗಿ ನಿಂತಿತು. ನಡೆಯಿತು. ಬೋಳು ನೆಲ ಮುಗಿದು ಹುಲ್ಲು ಶುರುವಾಗುವ ಕಡೆ ಬಂದು ನಿಂತು, ಹಿಂತಿರುಗಿ ಮತ್ತೆ ಮರದ ಸುತ್ತ ಹೊರಟಿತು. ಕಟ್ಟಿರಲಿಲ್ಲ, ಆದರೂ ಹುಲ್ಲಿಗೆ ಕಾಲಿಡಲಿಲ್ಲ. ತೆರೊಯ್ ಅದನ್ನು ನೋಡಲಾರದೆ ಒಳಗೆ ಹೋದ.

ಇಸ್ಕಾ ಬೈಯಲಿಲ್ಲ. ಬೈದಿದ್ದರೆ ಉಪಕಾರವಾಗುತ್ತಿತ್ತು. ಅನ್ನ ಹಾಕಿದಳು, ಬಟ್ಟೆ ಒಗೆದಳು, ಗಾಯಕ್ಕೆ ಮುಲಾಮು ಹಚ್ಚಿದಳು. ಆದರೆ ಸಂತೆಯಿಂದ ಮರಳುವಾಗ ಬುಟ್ಟಿಯಲ್ಲಿ ಬುಡ್‌ಬುಡ್ ಉಳಿಯತೊಡಗಿತು. ತೆರೊಯ್ ಅದನ್ನು ಕಂಡೂ ಕೇಳಲಿಲ್ಲ. ಒಂದು ದಿನ ಅವನೇ ಮೀನು ಕೊಳ್ಳಲು ಹೋದಾಗ ಮೀನು ಮಾರುವ ದೆಲ್ಯಾ ಅವನತ್ತ ಕನಿಕರದಿಂದ ಬಗ್ಗಿ, ಅಣ್ಣ ಎನ್ನುವ ಹಾಗೆ ನೊಂಗ್ ಎಂದು ಕರೆದು ಪಿಸುಗುಟ್ಟಿದಳು:

"ನೊಂಗ್ ತೆರೊಯ್, ನಿಮ್ಮಂಥೋರಿಗೆ ಎಂಥಾ ಹೆಂಡ್ತಿ ಸಿಕ್ಕಿದಾಳೆ. ಆ ಮೂಕ ಪ್ರಾಣೀನ ಹಾಗೆ ಮಾಡಿದ ಕೈಯಿಂದ ತಿಂಡಿ ತಗೊಳೋಕೆ ನಮಗ್ಯಾರಿಗೂ ಮನಸ್ಸು ಬರ್ತಿಲ್ಲ."

ತಿದ್ದಲು ಅದು ಸರಿಯಾದ ಸಮಯವಾಗಿತ್ತು. ತೆರೊಯ್ ಬಾಯಿ ತೆರೆದ. ದೆಲ್ಯಾ ಅವನ ಚೀಲಕ್ಕೆ ಒಂದು ಮೀನು ಹೆಚ್ಚಿಗೆ ಹಾಕಿದಳು. ಅವನು ತಲೆಯಾಡಿಸಿ ಹೊರಟುಬಂದ. 

ಗಾಯ ಮಾಗುತ್ತ ಬಂದಾಗ ವೈದ್ಯೆ ನಾಯಿಯನ್ನು ನಡೆಸಬೇಕು ಎಂದಳು. ಕೊರಳಿಗೆ ಇನ್ನು ದಾರವನ್ನೂ ಕಟ್ಟುವಂತಿಲ್ಲ. ಎದೆಪಟ್ಟಿಯೇ ಆಗಬೇಕು, ಅದೂ ಅಳತೆಗೆ ಸರಿಯಾಗಿ. ತೆರೊಯ್ ಇಸ್ಕಾಳ ಹೊಲಿಗೆ ಟೇಪು ತೆಗೆದುಕೊಂಡು ಮುಂಗಾಲುಗಳ ಹಿಂದಿನಿಂದ ಎದೆಯ ಸುತ್ತಳತೆ ನೋಡಿದ. ಟೇಪು ಮೈಗೆ ತಾಗಿದ ಕೂಡಲೇ ಡಾಕೊ ನಡುಗಿತು. ನಡುಕ ನಿಲ್ಲುವವರೆಗೆ ಅವನು ಕಾದ.

ಅಂಗಡಿಯಲ್ಲಿ ಅದೇ ಹುಡುಗಿ ಇದ್ದಳು. ಅವಳಿಗೆ ಅವನ ಗುರುತು ಹತ್ತಿತು, ಆದರೆ ತೋರಿಸಿಕೊಳ್ಳಲಿಲ್ಲ. ಅವನು ಬೆನ್ನಿನ ಮೇಲೆ ಹಗ್ಗ ಸಿಕ್ಕಿಸುವ ಬಳೆಯಿರುವ ದಪ್ಪ ಪಟ್ಟಿಯೊಂದನ್ನು ಆರಿಸಿದ. ಅದನ್ನು ಹಾಕಿದರೆ ದೊಡ್ಡ ನಾಯಿ ಗಾಡಿಯೆತ್ತಿನ ಹಾಗೆ ಎದೆಕೊಟ್ಟು ಎಳೆಯುತ್ತದೆ, ನಿಮಗೆ ಹಿಡಿಯಲಾಗುವುದಿಲ್ಲ ಎಂದು ಅವಳು ಮೆಲ್ಲಗೆ ಹೇಳಿದಳು. ಮುಂದೆ ಎದೆಯ ಮೇಲೂ ಬಳೆಯಿರುವುದನ್ನು ತೋರಿಸಿದಳು: ಹಗ್ಗ ಅಲ್ಲಿ ಸಿಕ್ಕಿಸಿದರೆ ನಾಯಿ ಎಳೆದಾಗ ತಾನೇ ಪಕ್ಕಕ್ಕೆ ತಿರುಗಿಬಿಡುತ್ತದೆ. ಕಂಕುಳ ಕೆಳಗೆ ಮೆತ್ತೆ, ಕೊರಳಿಂದ ದೂರಕ್ಕೆ ಇಳಿದ ಪಟ್ಟಿ, ನಾಲ್ಕೂ ಕಡೆ ಸಡಿಲಿಸುವ ಕೊಂಡಿ. ಕೊರಳಿಗೆ ಏನೂ ತಾಗಬಾರದು ಎನ್ನುತ್ತ ತೆರೊಯ್ ಪಟ್ಟಿಯ ಒಳಗೆ ಬೆರಳಾಡಿಸಿ ಒರಟು ಹೊಲಿಗೆ ಎಲ್ಲಾದರೂ ಇದೆಯೇ ಎಂದು ಬಹಳ ಹೊತ್ತು ತಡವಿದ.

"ಕೊರಳಿಗೆ ಏನಾಗಿದೆ ನೊಂಗ್?" ಎಂದಳು ಹುಡುಗಿ.

"ನಾನು ಸರಪಳಿ ಹಾಕಿ ಬೀಗ ಜಡಿದಿದ್ದೆ. ಆಮೇಲೆ ನೋಡ್ಲೇ ಇಲ್ಲ. ಒಳಗೆ ಇಳಿದುಬಿಡ್ತು."

ಮಾತು ಹೊರಗೆ ಬಂದದ್ದು ಅವನಿಗೇ ಆಶ್ಚರ್ಯವಾಯಿತು. ಹುಡುಗಿ ಪಟ್ಟಿಯನ್ನು ಚೀಲಕ್ಕೆ ಹಾಕಿದಳು. ಅವಳು ತನ್ನ ಮುಖ ನೋಡದೆ ಚೀಲ ಕೊಟ್ಟಳೆಂಬುದು ಅವನಿಗೆ ಗೊತ್ತಾಯಿತು.

ಅಲ್ಲಿಂದ ಅವನು ಸಂತೆಕಟ್ಟೆಗೆ ಹೋದ. ಗಿರಾಕಿಗಳು ತುಂಬಿದ್ದರು. ದೆಲ್ಯಾಳ ಹಲಗೆಯ ಮುಂದೆ ನಿಂತು, ಸರಪಳಿ ಹಾಕಿದ್ದು ತಾನು, ಇಸ್ಕಾ ತೆಗೆ ತೆಗೆ ಎಂದು ಹೇಳಿದರೂ ತೆಗೆಯದವನು ತಾನು, ಅವತ್ತು ಅಂಗಳದಲ್ಲಿ ಹೇಳಿದ್ದು ಸುಳ್ಳು ಎಂದ. ಬಂದರಿನಲ್ಲಿ ಗದರುತ್ತಿದ್ದ ಗಂಟಲು ಅದೇನೋ ಕೀರಲಾಗಿತ್ತು. ದೆಲ್ಯಾ ಮೀನಿನ ಪೊರೆ ಹೆರೆಯುವುದನ್ನು ನಿಲ್ಲಿಸಲಿಲ್ಲ.

"ಹೆಂಡ್ತಿ ಮೇಲೆ ಹಾಕಿ ಇಷ್ಟು ದಿನ ಸುಮ್ನಿದ್ರಾ?" ಎಂದಳು. ಇನ್ನೊಂದು ಮೀನು ಎತ್ತಿಕೊಳ್ಳುತ್ತ, "ಪಕ್ಕಕ್ಕೆ ನಿಂತ್ಕೊಳಿ, ಗಿರಾಕಿ ಇದಾರೆ" ಎಂದಳು.

ಅವನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ಇಸ್ಕಾ ಅಡುಗೆಮನೆಯಲ್ಲಿ ಬಾಳೆಲೆ ಬಾಡಿಸುತ್ತಿದ್ದಳು. ಅವನು ಎದೆಪಟ್ಟಿಯನ್ನು ಮೇಜಿನ ಮೇಲಿಟ್ಟ. ಅದು ನೀಲಿಯದಲ್ಲ, ಆ ಅಳತೆಯಲ್ಲಿ ಕಪ್ಪು ಮಾತ್ರ ಇತ್ತು ಎಂದ.

"ಊರಿಗೆಲ್ಲ ಹೇಳಿದೀಯಂತೆ" ಎಂದಳು ಅವಳು. "ನನಗೊಬ್ಬಳಿಗೆ ಏನೂ ಹೇಳಿಲ್ಲ."

ತೆರೊಯ್ ಅವಳ ಎದುರು ಬಂದು ಕೂತ. "ಅವತ್ತು ನನಗೆ ಹೆದರಿಕೆ ಆಯ್ತು ಇಸ್ಕಾ. ನಿನ್ನನ್ನ ಮುಂದೆ ನೂಕಿಬಿಟ್ಟೆ. ತಪ್ಪಾಯ್ತು" ಎಂದ.

ಇಸ್ಕಾ ಎಲೆಯನ್ನು ಕೆಳಗಿಟ್ಟಳು. "ನಾನು ಸುಮ್ನಿದ್ದದ್ದು ನಿನ್ನ ಮರ್ಯಾದೆ ಉಳಿಸೋಕೆ ಅಂದ್ಕೊಂಡಿದೀಯ. ಅದಲ್ಲ. ದಿನಾ ಅನ್ನ ಹಾಕಿದೋಳು ನಾನು. ನಾರ್ತಿತ್ತು, ಗೊತ್ತಿತ್ತು. ಆ ಮೊಳೆ ಡಬ್ಬಿ ನನ್ನ ಕೈಗೂ ಎಟುಕ್ತಿತ್ತು. ನಿನಗೆ ಹೇಳಿದೀನಲ್ಲ, ಇನ್ನು ಅದು ನಿನ್ನ ಕೆಲಸ ಅಂತ ಬಿಟ್ಟುಬಿಟ್ಟೆ. ಡಾಕ್ಟರಮ್ಮ ಕೇಳಿದಾಗ ಅಲ್ಲ ಅನ್ನೋಕೆ ನನಗೂ ಬಾಯಿ ಬರ್ಲಿಲ್ಲ."

ಆಮೇಲೆ ಇಬ್ಬರೂ ಹಿತ್ತಲಿಗೆ ಹೋಗಿ ಡಾಕೊಗೆ ಪಟ್ಟಿ ತೊಡಿಸಿದರು. ತಲೆಯ ಮೇಲಿಂದ ಹಾಕಲು ಅದು ಬಿಡಲಿಲ್ಲ. ಪಕ್ಕದ ಕೊಂಡಿಗಳನ್ನೆಲ್ಲ ಬಿಚ್ಚಿ, ಎದೆಯ ಕೆಳಗಿಂದ ತಂದು ಕಟ್ಟಬೇಕಾಯಿತು. ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟರು. ಬೋಳು ನೆಲದ ಅಂಚು ದಾಟಿಸಲು ಇಸ್ಕಾ ಹುಲ್ಲಿನ ಮೇಲೆ ಕೂತು, ಒಣಮೀನು ತೋರಿಸುತ್ತ ಬಹಳ ಹೊತ್ತು ಕರೆಯಬೇಕಾಯಿತು.

ಈಗ ಬೆಳಿಗ್ಗೆ ಬುಲೆವಾರ್ಡಿನಲ್ಲಿ ಅವರು ಕಾಣಸಿಗುತ್ತಾರೆ. ಹಗ್ಗ ಹಿಡಿಯುವವಳು ಇಸ್ಕಾ. ಹರ್ನಿಯಾ ಇರುವುದನ್ನು ತೆರೊಯ್ ಅವಳಿಗೆ ಹೇಳಿದ್ದಾನೆ. ಅವಳ ಬುಡ್‌ಬುಡ್ ಮತ್ತೆ ಮೊದಲಿನಂತೆ ಖರ್ಚಾಗುತ್ತಿದೆ. ಇಸ್ಪೀಟಿನವರು ತೆರೊಯ್‌ನನ್ನು ಆಟಕ್ಕೆ ಕರೆಯುತ್ತಾರೆ, ಮೇಸ್ತ್ರಿ ಎನ್ನುವುದನ್ನು ಮಾತ್ರ ಬಿಟ್ಟಿದ್ದಾರೆ. ಡಾಕೊನ ಕೊರಳ ಸುತ್ತ ಕೂದಲು ಮತ್ತೆ ಬರಲಿಲ್ಲ. ಗುರುತಿಲ್ಲದವರು, ಪ್ರವಾಸಕ್ಕೆ ಬಂದವರು, ಅದೇನು ಗಾಯ ಎಂದು ಕೇಳುತ್ತಾರೆ. ಇಸ್ಕಾ ಆಗ ಕಡಲ ಕಡೆ ನೋಡುತ್ತಾಳೆ. ತೆರೊಯ್ ನಿಂತು ಹೇಳುತ್ತಾನೆ. ಎಷ್ಟು ಸಲ ಹೇಳಿದರೂ ಅವನಿಗೆ ಅದು ರೂಢಿಯಾಗಿಲ್ಲ. ಹೇಳುವಾಗಲೆಲ್ಲ ಕಿವಿಯವರೆಗೂ ಕೆಂಪಾಗುತ್ತಾನೆ.