ಸೇಬಿನ ಬದಲು ಎಮ್ಮೆ

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿದ್ದ ಒಂದು ಸಣ್ಣ ಕೇಂದ್ರದಲ್ಲಿ ಮಕ್ಕಳ ಬುದ್ಧಿಮಟ್ಟ ಅಳೆಯುವುದು ನನ್ನ ಕೆಲಸ. ನಮ್ಮ ಪರೀಕ್ಷೆಯ ಪುಸ್ತಕದಲ್ಲಿ ಲೆಕ್ಕಗಳೆಲ್ಲ ಸೇಬಿನವು. ಸೇಬಿನ ಮುಖವನ್ನೇ ನೋಡದ ಮಕ್ಕಳಿಗೆ ಇದು ಅನ್ಯಾಯ ಎಂದು ಕೇಂದ್ರದ ಡಾಕ್ಟರರ ಜೊತೆ ಜಗಳವಾಡಿ, ಮಗುವಿಗೆ ತಕ್ಕಂತೆ ಪ್ರಶ್ನೆ ಬದಲಿಸಲು ಒಪ್ಪಿಸಿದ್ದೆ. ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೂ ಉಂಟು.

ಖಾನಾಪುರದ ಕಡೆಯಿಂದ ಎಮ್ಮೆ ಸಾಕುವವರ ಹುಡುಗಿಯೊಬ್ಬಳು ಬಂದಳು. ಎಂಟು ವರ್ಷ. ಕೈಯಲ್ಲಿ ಶಾಲೆಯವರ ಚೀಟಿ: ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಬುದ್ಧಿ ಕಡಿಮೆಯಿದ್ದರೆ ನಮ್ಮಲ್ಲಿ ಇಟ್ಟುಕೊಳ್ಳಲಾಗದು. ತಾಯಿ ಹೊರಗೆ ಬೆಂಚಿನ ಮೇಲೆ ಕುಳಿತರು. ಚಿತ್ರ ಜೋಡಿಸುವುದರಲ್ಲಿ ಹುಡುಗಿ ಚುರುಕಾಗಿಯೇ ಇದ್ದಳು. ಆಮೇಲೆ ನಾನು ಸೇಬು ತೆಗೆದು ಎಮ್ಮೆ ಹಾಕಿದೆ.

"ನಿಮ್ಮ ಮನ್ಯಾಗ ಹನ್ನೆರಡ ಎಮ್ಮಿ ಅದಾವ. ಮೂರ ಮಾರಿದ್ರ ಎಷ್ಟ ಉಳಿತಾವವ್ವಾ?"

ತಲೆ ತಗ್ಗಿಸಿದಳು. ಮರಾಠಿಯಲ್ಲಿ ಕೇಳಿದೆ. ಊಹೂಂ. ಎಮ್ಮೆಯ ಒಂದೊಂದು ಪ್ರಶ್ನೆಗೂ ಸೊನ್ನೆ ಬರೆದೆ. ಕೂಡಿಸಿದರೆ ಅಂಕ ಗೆರೆಯ ಕೆಳಗೆ ಬಿತ್ತು. ಮಂದಬುದ್ಧಿ ಎಂದು ಬರೆದು ಸಹಿ ಹಾಕಿದೆ.

ಮುಂದಿನ ಮಾರ್ಚಿನಲ್ಲಿ ಬೇರೆ ಕೆಲಸಕ್ಕೆ ಆ ಕಡೆ ಹೋದವಳು ಅವರ ಮನೆಗೂ ಹೋದೆ. ಹುಡುಗಿ ಎಮ್ಮೆ ಹೊಡೆದುಕೊಂಡು ಬಂದಳು. ಶಾಲೆ ಬಿಡಿಸಿಯಾಗಿತ್ತು. ಏನಾದರೂ ಮಾತಾಡಬೇಕಲ್ಲ ಎಂದು ತಾಯಿಯನ್ನು "ಎಷ್ಟ ಎಮ್ಮಿ ಅದಾವ್ರಿ?" ಎಂದು ಕೇಳಿದೆ. ಆಕೆಯ ಮುಖ ಸಪ್ಪಗಾಯಿತು.

"ಹಂಗ ಕೇಳಬಾರದ್ರಿ ಅಕ್ಕಾರ. ಎಮ್ಮಿ ಲೆಕ್ಕ ಬಾಯಿಲೆ ಹೇಳಿದ್ರ ದೃಷ್ಟಿ ತಾಗತೈತಿ. ನಮ್ಮ ಹುಡುಗ್ರೂ ಹೇಳಂಗಿಲ್ರಿ."

ಎಮ್ಮೆಯ ಪ್ರಶ್ನೆಗಳಿಗೆ ನಾನು ಬರೆದ ಸೊನ್ನೆಗಳು ನೆನಪಾದವು. ಸೇಬನ್ನೇ ಕೇಳಿದ್ದರೆ ಹೇಳಿರುತ್ತಿದ್ದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವಳು ನಾನು, ಉಂಡದ್ದು ಈ ಮಗು. ಸಹಿ ಹಾಕಿದ ಈ ಕೈಯ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಮರುದಿನ ಶಾಲೆಗೆ ಹೋಗಿ, ತಪ್ಪು ನನ್ನದು, ಇನ್ನೊಮ್ಮೆ ಪರೀಕ್ಷೆ ಮಾಡುತ್ತೇನೆ ಎಂದು ಬೇಡಿಕೊಂಡೆ. "ನೀವ ಬರದ ಕೊಟ್ಟೀರಲ್ರೀ" ಎಂದು ಹೆಡ್‌ಮಾಸ್ತರರು ನನ್ನ ಕಾಗದವನ್ನು ನನಗೇ ತೋರಿಸಿದರು. ಆಗಲಿಲ್ಲ ಎಂದು ತಾಯಿಗೆ ಹೇಳಿ ಹೊರಟೆ. ಹುಡುಗಿ ಬಸ್ಸಿನವರೆಗೆ ಬಂದಳು. ಹಿಂದೆ ಯಾರೂ ಇಲ್ಲದ್ದನ್ನು ನೋಡಿ, ಸೆರಗು ಜಗ್ಗಿ ನನ್ನನ್ನು ಬಗ್ಗಿಸಿ, ಕಿವಿಯಲ್ಲಿ ಹೇಳಿದಳು:

"ಒಂಬತ್ತ ಉಳಿತಾವ್ರಿ ಅಕ್ಕಾರ. ಅವ್ವಗ ಹೇಳಬ್ಯಾಡ್ರಿ. ಈಗ ಸಾಲಿಗೆ ಕರಕೋತಾರೇನ್ರಿ?"